ಹಮಾಲಿ ಆಟ

ಕಳೆದ ವಾರ ಮಗಳಿಗೆಂದು ಹೊಸ ಜೀನ್ಸ್ ಬಟ್ಟೆಯ ಚೀಲ ತಂದೆ. ಪೊಟ್ಟಣ ಬಿಚ್ಚುತ್ತಲೇ ಒಗೆಯದ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಈಗ ನಾವಿರುವುದು ಮಡಕಶಿರದಲ್ಲಿ. ಆದರೆ ಮನಸ್ಸು ನಾವು ಮೊದಲಿದ್ದ ರಾಯದುರ್ಗದ ಓಣಿಗೆ ಹೋಗಿ, ಪಕ್ಕದ ಮನೆ ಅಕ್ಕನ ಬಾಗಿಲಲ್ಲಿ ನಿಂತಿತು…

ಅಕ್ಕ ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದರು. ಒಂಟಿ ಹೆಂಗಸು. ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ. ಮಗಳಿಗೆ ಆಗ ನಾಲ್ಕು ವರ್ಷ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಚೀರುವಳು. ಅಂಗಿಯ ಕಾಲರು ಕುತ್ತಿಗೆಗೆ ತಾಗಿದರೆ ಕಿತ್ತೆಸೆಯುವಳು. ಕೊನೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಳು. ಹಟ ಎಂದು ಎಲ್ಲರೂ ಅಂದರು. ನಾನೂ ನಂಬಿದ್ದೆ. ಹೊಡೆಯುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಕೈ ಎತ್ತಿದ್ದಾಗಲೇ ಅಕ್ಕ ಒಳಗೆ ಬಂದರು. "ಯಾಕ ಹೊಡೀತೀರಿ? ಹಟ ಅಲ್ರಿ ಅದು. ನಮಗ ಸಣ್ಣಗ ಕೇಳೋದು ಈ ಕೂಸಿಗೆ ಗುಡುಗಿದಂಗ ಕೇಳ್ತೈತಿ." ನನ್ನ ಕೈಯನ್ನು ಕೆಳಗಿಳಿಸಿ, "ನನ್ನ ತಂಗೀನೂ ಹಿಂಗ ಇದ್ಲು. ಹೊಡದು ಹೊಡದು ಸುಮ್ಮನ ಮಾಡಿದ್ವಿ. ಆಮ್ಯಾಲೆ ಅಕಿ ಮಾತೇ ಬಿಟ್ಟಳ್ರಿ" ಎಂದರು.

ಅಂದಿನಿಂದ ಮಗಳನ್ನು ತಮ್ಮ ಮನೆಗೆ ಕರೆಯತೊಡಗಿದರು. ಅವಳು ಬಂದೊಡನೆ ಮೆಷಿನ್ ನಿಲ್ಲಿಸುವರು. ಜೀನ್ಸ್ ತುಂಡುಗಳನ್ನು ಸಣ್ಣ ಮೂಟೆ ಕಟ್ಟಿ, "ಹಮಾಲಿ ಬಂದ್ಳು, ದಾರಿ ಬಿಡ್ರಿ!" ಎನ್ನುವರು. ಮಗಳು ಅದನ್ನು ತಬ್ಬಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಸಾಗಿಸುವಳು. ಇನ್ನೂ ಭಾರ ಬೇಕೆಂದು ತಾನೇ ಕೇಳುವಳು. ಹತ್ತು ಸಲ ಓಡಾಡಿದ ಮೇಲೆ ಅವಳ ಬಿಗಿದ ಹೆಗಲು ಸಡಿಲವಾಗುತ್ತಿತ್ತು. ಮೂಟೆಗೆ ಒರಗಿಕೊಂಡೇ ಅನ್ನ ತಿನ್ನುತ್ತಿದ್ದಳು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ…

ಒಂದು ಸಲ ಮಡಕಶಿರದಿಂದ ಅತ್ತೆ ಬಂದಿದ್ದರು. ಮೂಟೆ ಹೊತ್ತ ಮೊಮ್ಮಗಳನ್ನು ಕಂಡು, "ಏನಮ್ಮಾ, ಮಗೀನ ಕೈಲಿ ಕೂಲಿ ಮಾಡಿಸ್ತಾವ್ಳಲ್ಲ ಆಯಮ್ಮ, ನೋಡ್ಕಂಡು ಸುಮ್ಕಿದ್ದೀಯಾ?" ಎಂದು ಓಣಿಗೇ ಕೇಳುವಂತೆ ಕೂಗಿದರು. ಜನ ಹೊರಗೆ ಬಂದರು. ಅದು ಆಟ ಎಂದು ನಾನು ಹೇಳಬೇಕಿತ್ತು. ಬದಲಿಗೆ ಮೂಟೆ ಕಿತ್ತು ಅಕ್ಕನ ಹೊಸ್ತಿಲಿಗೆ ಎಸೆದೆ.

"ನಮ್ಮ ಮಗು ಏನು ನಿಮ್ಮ ಆಳಾ? ಇನ್ಮೇಲೆ ಕರೀಬೇಡಿ."

ಅಕ್ಕ ಮೂಟೆ ಎತ್ತಿಕೊಂಡರು. "ಆತ್ರಿ. ಹೊಡೀಬ್ಯಾಡ್ರಿ, ಅಷ್ಟ" ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಮಗಳು ಎಷ್ಟೋ ದಿನ ಆ ನಡುಗೋಡೆಗೇ ತಲೆ ಚಚ್ಚಿಕೊಂಡಳು. ಆಚೆ ಮೆಷಿನ್ ಸದ್ದು ತಟ್ಟನೆ ನಿಲ್ಲುತ್ತಿತ್ತು… ಆದರೆ ಅಕ್ಕ ಬರುತ್ತಿರಲಿಲ್ಲ. ಕೆಲವು ತಿಂಗಳಲ್ಲೇ ಮನೆ ಖಾಲಿ ಮಾಡಿ ಬೊಮ್ಮನಹಾಳಿನ ತವರಿಗೆ ಹೊರಟುಹೋದರು. ಹೊರಟ ದಿನ ನಾನು ಬಾಗಿಲು ತೆರೆಯಲಿಲ್ಲ.

ಆಮೇಲೆ ಬಳ್ಳಾರಿಯಲ್ಲಿ ಒಬ್ಬ ಡಾಕ್ಟರಮ್ಮ ಮಗಳನ್ನು ನೋಡಿ, ಆಟದ ನೆಪದಲ್ಲಿ ಮನೆಯಲ್ಲೇ ಹೊರುವ, ತಳ್ಳುವ, ಎಳೆಯುವ ಕೆಲಸ ಕೊಡಿ, ಇವಳ ಮೈಗೆ ಅದು ಸಮಾಧಾನ ಎಂದರು. ಅಕ್ಕ ಕಟ್ಟಿಕೊಡುತ್ತಿದ್ದ ಮೂಟೆ ಕಣ್ಣ ಮುಂದೆ ಬಂತು. ಬೊಮ್ಮನಹಾಳಿಗೆ ಹೋಗಿ ಕ್ಷಮೆ ಕೇಳಬೇಕು ಅಂದುಕೊಂಡೆ. ಇಂದು ನಾಳೆ ಎನ್ನುತ್ತ, ನಾಚಿಕೆಯಲ್ಲೇ ವರ್ಷ ಕಳೆದೆ. ಕೊನೆಗೂ ಹೋದಾಗ ಅಕ್ಕನ ಅತ್ತಿಗೆ ನೀರು ಕೊಟ್ಟು, "ಅಕಿ ತೀರಿಕೊಂಡು ಆರು ತಿಂಗಳಾತ್ರಿ" ಎಂದರು. ಮಾತು ಬಿಟ್ಟ ಆ ತಂಗಿ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ನೀರಿನ ಲೋಟ ಕೆಳಗಿಟ್ಟು ಎದ್ದು ಬಂದೆ.

ಮಗಳಿಗೀಗ ಹನ್ನೊಂದು. ಮೈಯೆಲ್ಲ ಕಸಿವಿಸಿಯಾದರೆ ತಾನೇ ನೀರಿನ ಕೊಡ ಹೊತ್ತು ಅಂಗಳ ಸುತ್ತುತ್ತಾಳೆ. ಮೊನ್ನೆ ಕೊಡ ಇಳಿಸಿ, "ಅಮ್ಮಾ, ಭಾರ ಹೊರೋ ಆಟ ನಂಗೆ ಯಾರು ಕಲ್ಸಿದ್ದು?" ಎಂದು ಕೇಳಿದಳು.

"ಡಾಕ್ಟರಮ್ಮ" ಎಂದೆ.

ಅಕ್ಕನ ವಿಷಯ ಎತ್ತಿದರೆ ನಾನು ಆಡಿದ ಮಾತನ್ನೂ ಹೇಳಬೇಕಾಗುತ್ತದೆ… ಇನ್ನೂ ಹೇಳಿಲ್ಲ.