ರತ್ನತ್ತೆ ಉಳಿಸಿಕೊಂಡ ಮರ

ಹೋದ ತಿಂಗಳು ನಮ್ಮ ಬೀದಿಯ ಕೊನೆಯಲ್ಲಿರುವ ಗುಡಿಗೆ ಸುಣ್ಣ ಹೊಡೆಯುತ್ತಿದ್ದರು. ಅರ್ಧಕ್ಕೆ ಕತ್ತರಿಸಿದ ತಗಡಿನ ಡ್ರಮ್ಮಿಗೆ ಸುಣ್ಣದ ಕಲ್ಲು ಸುರಿದು, ಅದರ ಮೇಲೆ ಒಬ್ಬಾತ ಕೊಡದಿಂದ ನೀರು ಹುಯ್ದ. ಕೊತಕೊತ ಸದ್ದು, ಬಿಳಿ ಹಬೆ, ಅದರ ಹಿಂದೆಯೇ ಮೂಗಿನೊಳಗೆ ಚುರುಕ್ಕೆನ್ನುವ ಘಾಟು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ನಾನು ನಿಂತುಬಿಟ್ಟೆ. ಆ ಘಾಟು ಮೂಗಿಗೆ ಬಡಿದು ಎಷ್ಟು ವರ್ಷಗಳಾಗಿದ್ದವೋ. ನನಗೆ ಹತ್ತು ತುಂಬಿದ ವರ್ಷದ ಮಳೆಗಾಲ, ಅಟ್ಟೂರಿನ ನಮ್ಮ ಹಿತ್ತಲು, ಮಣ್ಣಿನ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತ ರತ್ನತ್ತೆ, ಮೊಣಕೈವರೆಗೂ ನೀಲಿ ಹತ್ತಿದ್ದ ಅವಳ ಕೈ, ಎಲ್ಲವೂ ಒಂದೇ ಉಸಿರಿಗೆ ಒಳಗೆ ಬಂದವು.

ಅಟ್ಟೂರು ಆಗಿನ್ನೂ ಊರಾಗಿತ್ತು. ಯಲಹಂಕದ ಕಡೆಯಿಂದ ಬಡಾವಣೆಗಳು ನಮ್ಮತ್ತ ನಡೆದು ಬರುತ್ತಿದ್ದವು ನಿಜ, ರಾಗಿ ಹೊಲಗಳ ನಡುವೆ ಸೈಟಿನ ಕಲ್ಲುಗಳೂ ಎದ್ದಿದ್ದವು. ಆದರೆ ನಮ್ಮ ಮನೆಯ ಹಿಂದಿನ ಬಾಗಿಲು ತೆರೆದರೆ ಮೊದಲು ಕಾಣುತ್ತಿದ್ದದ್ದು ಒಗೆಯುವ ಕಲ್ಲು, ಅದರಾಚೆ ಕರಿಬೇವು, ನುಗ್ಗೆ, ಆಮೇಲೆ ರತ್ನತ್ತೆಯ ತೆಂಗಿನ ಮರ. ಬಚ್ಚಲಿನ ನೀರು ಕಿರುಗಾಲುವೆಯಲ್ಲಿ ಹರಿದು ಅದರ ಬುಡ ಸೇರುತ್ತಿತ್ತು. ಶನಿವಾರ ನಾವೆಲ್ಲ ಎಣ್ಣೆನೀರು ಹಾಕಿಕೊಂಡರೆ ಮರದ ಬುಡವೂ ಸೀಗೆಪುಡಿಯ ವಾಸನೆ ಹೊಡೆಯುತ್ತಿತ್ತು. ನಿಮ್ಮ ಹಿತ್ತಲಿನಲ್ಲೂ ಅಂಥದೊಂದು ಮರ ಇದ್ದಿರಬಹುದು. ಅದಕ್ಕೆ ಯಾರೂ ಹೆಸರಿಟ್ಟಿರುವುದಿಲ್ಲ, ಫೋಟೋ ತೆಗೆದಿರುವುದಿಲ್ಲ. ಈಗ ಅದು ಎಲ್ಲಿತ್ತೆಂದು ತೋರಿಸಲು ಹೋದರೆ ಕೈ ಯಾವುದೋ ಗೋಡೆಗೆ ತಾಗುತ್ತದೆ.

ರತ್ನತ್ತೆ ಅಪ್ಪನ ಅಕ್ಕ. ಹೆಸರಘಟ್ಟದ ಆಚೆಯ ಊರಿಗೆ ಅವಳನ್ನು ಕೊಟ್ಟಿದ್ದರು. ನಾನು ಹುಟ್ಟುವುದಕ್ಕೆ ಮೂರು ವರ್ಷ ಮೊದಲು ಗೌರಿ ಹಬ್ಬಕ್ಕೆ ತವರಿಗೆ ಬಂದವಳಿಗೆ, ವಾಪಸು ಕಳಿಸುವಾಗ ಅಜ್ಜಿ ಮಡಿಲು ತುಂಬಿದ್ದಳಂತೆ: ಅಕ್ಕಿ, ಬೆಲ್ಲ, ಎಲೆ ಅಡಿಕೆ, ಒಂದು ಜುಟ್ಟಿನ ಕಾಯಿ. ಅತ್ತೆ ಬಸ್ ಸ್ಟಾಪಿನವರೆಗೂ ಹೋಗಿ, ಬಸ್ಸು ಬಂದು ನಿಂತು ಹೊರಟ ಮೇಲೆ ತಿರುಗಿ ಮನೆಗೆ ನಡೆದುಬಂದಳು. ಗಂಡನ ಮನೆಯಲ್ಲಿ ಏನಾಗಿತ್ತೆಂದು ಯಾರು ಕೇಳಿದರೂ, "ಹೋಗಲ್ಲ ಅಂದ್ನಲ್ಲ, ಅಷ್ಟೇ" ಎಂದಳಂತೆ. ಅವಳ ಬೆನ್ನಿನ ಮೇಲಿದ್ದ ಗುರುತುಗಳನ್ನು ಸ್ನಾನ ಮಾಡಿಸಿದ ಅಜ್ಜಿಯೊಬ್ಬಳೇ ನೋಡಿದ್ದು. ಮಡಿಲಿನ ಅಕ್ಕಿ ಅನ್ನವಾಯಿತು. ಕಾಯನ್ನು ಮಾತ್ರ ಅತ್ತೆ ಒಡೆಯಲು ಬಿಡಲಿಲ್ಲ. ಅದು ರಾಗಿ ಗುಡಾಣದ ಹಿಂದೆ ಮೂಲೆಯಲ್ಲಿ ಉಳಿದು, ತಿಂಗಳುಗಳ ಮೇಲೆ ಮೊಳಕೆಯೊಡೆಯಿತು. ಅತ್ತೆ ಅದನ್ನು ಹಿತ್ತಲಿನಲ್ಲಿ ನೆಟ್ಟಳು. ಆ ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳಲು ಒಂದು ಟ್ರಂಕು ಮತ್ತು ಆ ಮರ ಇದ್ದವು.

ಅಜ್ಜಿ ತಾತ ಹೋದ ಮೇಲೆ ಮನೆಯಲ್ಲಿ ದೊಡ್ಡಪ್ಪನ ಮಾತೇ ಮಾತು. ಅಪ್ಪ ಕಾರ್ಖಾನೆಯ ಶಿಫ್ಟಿಗೆ ಹೋಗಿ ಬಂದು ಮಲಗುವವನು, ಅಣ್ಣನ ಎದುರು ತಲೆ ಎತ್ತಿದವನಲ್ಲ. ದೊಡ್ಡಪ್ಪ ಕೆಟ್ಟವನೇನೂ ಆಗಿರಲಿಲ್ಲ. ವಾರಕ್ಕೊಮ್ಮೆ ಯಲಹಂಕದಿಂದ ತಂಗಿಗೆಂದೇ ಚಿಗುರು ವೀಳ್ಯದೆಲೆ ಹುಡುಕಿ ತರುತ್ತಿದ್ದ. ಆದರೆ ಹೊಲಗಳನ್ನು ಸೈಟು ಮಾಡಿ ಮನೆ ಕಟ್ಟಿಸುವ ಕೆಲಸಕ್ಕೆ ಇಳಿದ ಮೇಲೆ ಅವನ ಕಣ್ಣಿಗೆ ಖಾಲಿ ಮಣ್ಣು ಎಲ್ಲಿ ಕಂಡರೂ ಗೋಡೆ ಕಾಣುತ್ತಿತ್ತು. ಹಿತ್ತಲಿನಲ್ಲಿ ಬಾಡಿಗೆಗೆ ಮೂರು ಮನೆ ಹಾಕಿಸಬೇಕೆಂದು ನಿರ್ಧರಿಸಿ, ಮೊದಲು ಬೋರ್‌ವೆಲ್ ಕೊರೆಸಲು ಲಾರಿ ಕರೆಸಿದ.

ಆಗ ಮರ ಹಿತ್ತಲ ಗೋಡೆಗಿಂತ ಒಂದೂವರೆ ಆಳು ಎತ್ತರವಿತ್ತು. ಎರಡು ವರ್ಷದಿಂದ ಕಾಯಿ ಬಿಡುತ್ತಿತ್ತು. "ಮರ ನೋಡ್ಕೊಂಡು ಎತ್ತಪ್ಪಾ" ಎಂದು ಅತ್ತೆ ಲಾರಿಯವನಿಗೆ ಎರಡು ಸಲ ಕೂಗಿ ಹೇಳಿದಳು. ಎಂಜಿನ್ನಿನ ಅಬ್ಬರದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ, ಮಲಗಿದ್ದ ಕಬ್ಬಿಣದ ಕಂಬ ಮೇಲೇಳುತ್ತ ಮರದ ತಲೆಗೆ ಗುದ್ದಿತು. ಐದಾರು ಗರಿ ಮುರಿದು ಬಿದ್ದವು. ನಡುವಿನ ಸುಳಿ, ಇನ್ನೂ ಬಿಚ್ಚಿರದ ಆ ಎಳೆಯ ಗರಿ, ಬುಡದಲ್ಲೇ ಜಜ್ಜಿಹೋಗಿ ಒಂದು ಕಡೆಗೆ ವಾಲಿತು. ದೊಡ್ಡಪ್ಪ ಬೋರಿನಲ್ಲಿ ನೀರು ಬಂತೆಂದು ಎಲ್ಲರಿಗೂ ಸಿಹಿ ಹಂಚಿದ. ಅತ್ತೆ ತನ್ನ ಪಾಲಿನ ಮೈಸೂರು ಪಾಕನ್ನು ತೆಗೆದುಕೊಂಡು, ತಿನ್ನದೆ ಒಗೆಯುವ ಕಲ್ಲಿನ ಮೇಲಿಟ್ಟಳು. ಇರುವೆಗಳು ತಿಂದವು.

ಮಳೆ ಹಿಡಿದ ಮೇಲೆ ಸುಳಿ ಹಳದಿಗೆ ತಿರುಗಿತು. ಕಾಯಿ ಕೀಳಲು ಬರುತ್ತಿದ್ದ ತಿಮ್ಮಯ್ಯ ಮರ ಹತ್ತಿ, ಅದನ್ನು ಎರಡು ಬೆರಳಿನಲ್ಲಿ ಹಿಡಿದೆಳೆದ. ಹಾಗೇ ಕಿತ್ತು ಕೈಗೆ ಬಂತು. ಕೊಳೆತ ವಾಸನೆ ಕೆಳಗೆ ನಿಂತಿದ್ದ ನಮಗೂ ಬಡಿಯಿತು. "ಸುಳಿ ಕೊಳ್ತೋಗದೆ ಕಣಕ್ಕ. ತೆಂಗಿಗೆ ಇರೋದೊಂದೇ ಸುಳಿ. ಇನ್ನು ಆಸೆ ಇಟ್ಕೋಬೇಡ" ಎಂದ. ದೊಡ್ಡಪ್ಪ ಜಗುಲಿಯಿಂದಲೇ, "ಅಂಗಾರೆ ಶುಕ್ರವಾರ ಕಡಿಯೋರ್ನ ಕರೆಸ್ತೀನಿ" ಎಂದು ಹೇಳಿ ಒಳಗೆ ಹೋದ.

ಮರುದಿನ ಅತ್ತೆ ಆ ಕೊಳೆತ ಸುಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಯಶವಂತಪುರಕ್ಕೆ ಹೊರಟಳು. ಬಸ್ಸಿನಲ್ಲಿ ನಮ್ಮ ಅಕ್ಕಪಕ್ಕದ ಸೀಟುಗಳು ಒಂದೊಂದಾಗಿ ಖಾಲಿಯಾದವು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

"ಏನಮ್ಮಾ ಅದು, ಸತ್ತಿರೋ ಇಲಿ ಗಿಲಿ ತಂದಿದೀಯಾ?"

"ಇಲಿ ಅಲ್ಲ ಕಣಪ್ಪ, ಕಾಯಿಲೆಯವರು. ಡಾಕ್ಟ್ರಿಗೆ ತೋರ್ಸಕ್ಕೆ ಕರ್ಕೊಂಡ್ ಹೋಗ್ತಿದೀನಿ. ಬೇಕಾದ್ರೆ ಇದಕ್ಕೂ ಒಂದು ಟಿಕೆಟ್ ಹರಿ."

ಬಸ್ಸೆಲ್ಲ ನಕ್ಕಿತು. ಅತ್ತೆ ನಗಲಿಲ್ಲ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಗೊಬ್ಬರ, ಬೀಜ, ಔಷಧಿ ಮಾರುವ ಅಂಗಡಿಯೊಂದಿತ್ತು. ಈರುಳ್ಳಿ ಮೂಟೆಯ ವಾಸನೆ, ಹಮಾಲರ "ದಾರಿ, ದಾರಿ" ಕೂಗು ದಾಟಿ ನಾವು ಒಳಗೆ ಹೋದೆವು. ಕನ್ನಡಕದ ಮುದುಕರೊಬ್ಬರು ಬಟ್ಟೆ ಬಿಚ್ಚಿಸಿ, ಸುಳಿಯನ್ನು ತಿರುಗಿಸಿ ನೋಡಿದರು. ಯಾರು ಕಳಿಸಿದರು, ಮನೆಯಲ್ಲಿ ಗಂಡಸರಿಲ್ಲವೇ ಎಂದು ಕೇಳದೆ, ನೇರವಾಗಿ ಅತ್ತೆಗೆ ಹೇಳಿದರು: "ನೋಡಮ್ಮ, ಕೊಳೆ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದ್ರ ಮೇಲಿದೆ. ಕೊಳೆತಿದ್ದನ್ನೆಲ್ಲ ಕೆತ್ತಿ ತೆಗೀರಿ. ಬಿಳೀ ತಿರುಳು ಸಿಕ್ಕಿದ್ರೆ ಬದುಕಿದೆ ಅಂತ ಲೆಕ್ಕ. ಸಿಗದೇ ಹೋದ್ರೆ ದೇವ್ರಿಗೆ ಬಿಡಿ." ಕಾಗದದ ಪೊಟ್ಟಣದಲ್ಲಿ ನೀಲಿ ಹರಳಿನ ಮೈಲುತುತ್ತ ಕಟ್ಟಿ ಕೊಟ್ಟು, ಅದನ್ನೂ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ ಮಣ್ಣಿನ ಪಾತ್ರೆಯಲ್ಲಿ ಬೆರೆಸಬೇಕೆಂದೂ, ಕಬ್ಬಿಣ ಮುಟ್ಟಿಸಬಾರದೆಂದೂ, ಬಳಿದ ಮೇಲೆ ಮಳೆ ನೀರು ಇಳಿಯದಂತೆ ಕುಡಿಕೆ ಬೋರಲು ಹಾಕಬೇಕೆಂದೂ ಹೇಳಿದರು. ಸುಣ್ಣ ಸಾಕಾಗಿದೆಯೋ ಇಲ್ಲವೋ ತಿಳಿಯಲು ಮಾತ್ರ ಒಂದು ಚಾಕು ಅದ್ದಿ ನೋಡಬೇಕಂತೆ. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅತ್ತೆ ಎಲ್ಲವನ್ನೂ ಅವರೆದುರೇ ಮೂರು ಸಲ ಬಾಯಲ್ಲಿ ಹೇಳಿಕೊಂಡಳು. ಓದು ಬರಹ ಅವಳಿಗೆ ಬರುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಕೊಡಲಿ, ಹಗ್ಗ ಹಿಡಿದು ಇಬ್ಬರು ಬಂದಾಗ ರತ್ನತ್ತೆ ಬಿದಿರೇಣಿಯ ತುದಿಯಲ್ಲಿದ್ದಳು. ತಿಮ್ಮಯ್ಯ ಬರುವುದಿಲ್ಲವೆಂದಿದ್ದ; ದೊಡ್ಡಪ್ಪನ ಎದುರು ಹಾಕಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಅತ್ತೆ ಸೀರೆಯನ್ನು ಕಚ್ಚೆಯಂತೆ ಸಿಕ್ಕಿಸಿ, ಸೊಂಟಕ್ಕೆ ಹಗ್ಗ ಸುತ್ತಿ ಮರಕ್ಕೆ ಬಿಗಿದುಕೊಂಡು, ಕುಡುಗೋಲಿನಿಂದ ಮರದ ತಲೆಯನ್ನು ಕೆತ್ತುತ್ತಿದ್ದಳು. ಕಂದು ಬಣ್ಣದ ಕೊಳೆ ಚೂರುಚೂರಾಗಿ ಕೆಳಗೆ ಬೀಳುತ್ತಿತ್ತು. ದೊಡ್ಡಪ್ಪ ಹಿತ್ತಲ ಬಾಗಿಲಿಗೆ ಬಂದವನೇ ಕಿರುಚಿದ.

"ಏಯ್ ರತ್ನಾ! ಹೆಣ್ಣೆಂಗ್ಸು ತೆಂಗಿನ್ ಮರ ಹತ್ತಾದಾ? ಇಳಿಯೇ ಕೆಳಕ್ಕೆ! ಊರೋರು ಏನಂತಾರೆ?"

ಅತ್ತೆ ಕೆತ್ತುವುದನ್ನು ನಿಲ್ಲಿಸಲಿಲ್ಲ. "ಊರೋರು ನನ್ ಬಗ್ಗೆ ಅನ್ನೋದೆಲ್ಲ ಯಾವತ್ತೋ ಅಂದ್ ಮುಗಿಸವ್ರೆ ಕಣಣ್ಣ. ಹೊಸದೇನಾರ ಇದ್ರೆ ಹೇಳು, ಇಲ್ಲಿಂದ್ಲೇ ಕೇಳಿಸ್ಕೊಂತೀನಿ."

"ಸತ್ತಿರೋ ಮರಕ್ಕೆ ಯಾಕಿಂಗಾಡ್ತೀಯ? ಕಡಿಯೋರು ಬಂದವ್ರೆ."

"ಸತ್ತದೋ ಇಲ್ವೋ ನಾನ್ ನೋಡಿ ಹೇಳ್ತೀನಿ. ಅಲ್ಲೀಗಂಟ ಕಡಿಯೋದಾದ್ರೆ ನನ್ನೂ ಸೇರ್ಸಿ ಕಡೀರಿ."

ಬಂದ ಇಬ್ಬರೂ ಕೊಡಲಿ ಕೆಳಗಿಟ್ಟು, "ನಮಗ್ಯಾಕ್ ಸ್ವಾಮಿ ಈ ಪಂಚಾಯ್ತಿ" ಎಂದು ಗೋಡೆಗೆ ಒರಗಿ ಕೂತರು. ದೊಡ್ಡಪ್ಪ ಏಣಿಯ ಹತ್ತಿರ ಬಂದ. ಅದನ್ನು ಅಲ್ಲಾಡಿಸುತ್ತಿದ್ದನೋ, ಹತ್ತುತ್ತಿದ್ದನೋ, ಸುಮ್ಮನೆ ಹಿಡಿಯುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಬಂದಳು. ಮದುವೆಯಾಗಿ ಹನ್ನೆರಡು ವರ್ಷ ಭಾವನ ಎದುರು ನಿಂತು ಒಂದು ಮಾತಾಡದ ಅಮ್ಮ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೊಡ್ಡಪ್ಪನ ಪಕ್ಕದಿಂದಲೇ ಹಾದು ಹೋಗಿ, ಏಣಿಯ ಎರಡೂ ಕಾಲನ್ನು ಗಟ್ಟಿಯಾಗಿ ಹಿಡಿದು ನಿಂತಳು. ಅವನ ಮುಖ ನೋಡಲಿಲ್ಲ. ಮೇಲೆ ನೋಡಿ, "ಅತ್ಗೆ, ನಾನ್ ಹಿಡ್ಕೊಂಡಿದೀನಿ. ನಿಧಾನಕ್ಕೆ ಮಾಡಿ" ಎಂದಳು. ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಎಷ್ಟೋ ಹೊತ್ತಾದ ಮೇಲೆ ಅತ್ತೆ ಮೇಲಿಂದ ಅಮ್ಮನನ್ನು ಕರೆದಳು. "ಶಾಂತಾ... ಬಿಳಿ." ಮತ್ತೆ ಇನ್ನೊಮ್ಮೆ, ಬೇರೆ ದನಿಯಲ್ಲಿ, "ಬಿಳಿ ಕಣೇ!" ಅವಳು ಕೆಳಗಿಳಿದು ಬಾನಿಯ ಮುಂದೆ ಕೂತು ಸುಣ್ಣಕ್ಕೆ ನೀರು ಹುಯ್ದಳು. ಆಕಾಶದ ಬಣ್ಣದ ಆ ಮುಲಾಮು ತಯಾರಾದಾಗ ಚಾಕು ಅದ್ದಿ ತೆಗೆದು ನನಗೆ ತೋರಿಸಿದಳು. ಅಲಗು ಬೆಳ್ಳಗೇ ಇತ್ತು. ಮತ್ತೆ ಏಣಿ ಹತ್ತಿ ಅದನ್ನು ಬಳಿದು, ಮೇಲೆ ಕುಡಿಕೆ ಬೋರಲು ಹಾಕಿ ಹುರಿಯಿಂದ ಕಟ್ಟಿದಳು. ದೊಡ್ಡಪ್ಪ ಹೋಗುವ ಮುಂಚೆ ಒಂದು ಮಾತು ಹೇಳಿದ: "ಸಂಕ್ರಾಂತಿ ಒಳಗೆ ಎಲೆ ಬರ್ಬೇಕು. ಬರ್ನಿಲ್ಲ ಅಂದ್ರೆ ನಾನೇ ಕೊಡ್ಲಿ ಹಿಡೀತೀನಿ."

ಆ ನಾಲ್ಕು ತಿಂಗಳು ತಲೆಗೆ ಮಡಕೆ ಹೊತ್ತ ಮರ ಊರಿಗೆಲ್ಲ ತಮಾಷೆಯಾಯಿತು. "ನಿಮ್ಮತ್ತೆ ಮರಕ್ಕೆ ಹೆಲ್ಮೆಟ್ ಹಾಕವ್ಳಂತೆ" ಎಂದು ಶಾಲೆಯಲ್ಲಿ ನನ್ನನ್ನು ರೇಗಿಸುತ್ತಿದ್ದರು. ನಾನೊಂದು ದಿನ ಅಳುತ್ತ ಬಂದು ಹೇಳಿದೆ. ಅತ್ತೆ ನನ್ನ ಮೂಗು ಒರೆಸಿ, "ಹೌದು ಅನ್ನು. ತಲೆಗೆ ಏಟು ಬಿದ್ದದಲ್ವಾ, ಅದಕ್ಕೇ ಹಾಕಿರೋದು ಅನ್ನು" ಎಂದಳು. ಹದಿನೈದು ದಿನಕ್ಕೊಮ್ಮೆ ಅವಳು ಹತ್ತುವಳು, ಅಮ್ಮ ಏಣಿ ಹಿಡಿಯುವಳು. ಉಳಿದ ಗರಿಗಳು ಒಂದೊಂದಾಗಿ ಜೋತುಬಿದ್ದವು. ದೀಪಾವಳಿ ಬಂತು, ಹೋಯಿತು. ಬೇವಿನ ಹಿಂಡಿ, ಒಲೆ ಬೂದಿ, ಕೊಟ್ಟಿಗೆ ಗೊಬ್ಬರ ಎಲ್ಲ ಬುಡಕ್ಕೆ ಹೋದವು. ಮೇಲೆ ಮಾತ್ರ ಏನೂ ಇರಲಿಲ್ಲ. ಅತ್ತೆ ಮಾತು ಕಡಿಮೆ ಮಾಡಿದಳು. ಆದರೆ ಒಂದು ದಿನವೂ ಮರದ ಎದುರು ಕಣ್ಣೀರು ಹಾಕಲಿಲ್ಲ.

ಸಂಕ್ರಾಂತಿಗೆ ಒಂಬತ್ತು ದಿನವಿದ್ದಾಗ ಕುಡಿಕೆ ಓರೆಯಾಗಿತ್ತು. ಕಾಗೆ ತಳ್ಳಿರಬೇಕೆಂದು ಅಮ್ಮ ಅಂದಳು. ಅತ್ತೆ ಏಣಿ ಹತ್ತಿ, ಹುರಿ ಬಿಚ್ಚಿ ಕುಡಿಕೆ ಎತ್ತಿದಳು. ಒಳಗಿನಿಂದ ಗಿಡ್ಡನೆಯ, ಸುಕ್ಕುಗಟ್ಟಿದ, ತುದಿ ಸುಟ್ಟಂತಿದ್ದ ಒಂದು ಎಲೆ, ಮುಚ್ಚಿದ ಮುಷ್ಟಿಯ ಹಾಗೆ ಮೇಲಕ್ಕೆ ಬಂದಿತ್ತು. ದೊಡ್ಡಪ್ಪ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಇದೂ ಒಂದು ಎಲೆಯೇನೆ? ಸೊಟ್ಟಕೆ ಅದೆ."

"ಎಲೆ ಬರ್ಬೇಕು ಅಂತ ನೀನ್ ಅಂದಿದ್ದೆ ಕಣಣ್ಣ, ನೆಟ್ಟಗಿರ್ಬೇಕು ಅಂದಿರ್ನಿಲ್ಲ."

ಎರಡು ತಿಂಗಳ ಮೇಲೆ ಪಾಯ ತೋಡಿದಾಗ ದೊಡ್ಡಪ್ಪ ಮೂರರ ಬದಲು ಎರಡೇ ಮನೆಗೆ ದಾರ ಹಿಡಿಸಿದ. ಮೇಸ್ತ್ರಿ ಕಾರಣ ಕೇಳಿದ್ದಕ್ಕೆ, "ಮರ ಕಾಣಕ್ಕಿಲ್ವಾ ನಿಂಗೆ?" ಎಂದು ಗದರಿದ.

ಮರ ಮತ್ತೆ ಕಾಯಿ ಬಿಡಲು ಮೂರು ವರ್ಷ ಹಿಡಿಯಿತು. ಕಾಯಿಲೆಯ ಕಾಲದಲ್ಲಿ ಬೆಳೆದ ಭಾಗ ಸಣ್ಣಗಾಗಿ, ಕಾಂಡದ ಮೇಲೆ ಸೊಂಟದಂಥ ಗುರುತು ಉಳಿಯಿತು. ಅದರ ಮೇಲೆ ಮರ ಮೊದಲಿಗಿಂತ ದಪ್ಪವಾಗಿ ಬೆಳೆಯಿತು. ಬಾಡಿಗೆಗೆ ಬಂದವರೆಲ್ಲ ಅದರ ಎಳನೀರು ಕುಡಿದರು. ದೊಡ್ಡಪ್ಪ ತೀರಿಕೊಂಡ ದಿನ ಚಟ್ಟಕ್ಕೆ ಹಸಿ ಗರಿ ಬೇಕಾದಾಗ, ಅತ್ತೆ ತಾನೇ ಮರದ ಕೆಳಗೆ ನಿಂತು, "ಅದಲ್ಲ, ಅದರ ಪಕ್ಕದ್ದು. ಚೆನ್ನಾಗಿರೋದು ಕುಯ್ಯಿ" ಎಂದು ಆರಿಸಿ ಕೊಟ್ಟಳು. ಅವನನ್ನು ಎತ್ತಿಕೊಂಡು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ರತ್ನತ್ತೆ ಹೋಗಿ ಆರು ವರ್ಷವಾಯಿತು. ಅವಳು ಇರುವವರೆಗೆ ಮನೆ ಒಡೆಯುವ ಮಾತನ್ನು ಯಾರೂ ಎತ್ತಲಿಲ್ಲ. ಆಮೇಲೆ ಎತ್ತಿದರು. ಪಾಲಾಯಿತು, ಹಳೆಯ ಮನೆ ಉರುಳಿತು, ಮರವೂ ಉರುಳಿತು. ಅದು ಕಾಯಿಲೆಯಿಂದ ಸತ್ತಿದ್ದಲ್ಲ. ಉರುಳಿಸಿದ ದಿನವೂ ಅದರ ತಲೆಯ ಮೇಲೆ ಎರಡು ಗೊನೆ ಕಾಯಿಗಳಿದ್ದವು, ಹೊಂಬಾಳೆಯೊಂದು ಅರ್ಧ ಬಿಚ್ಚಿತ್ತು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಗುಡಿಗೆ ಸುಣ್ಣ ಹೊಡೆದ ವಾರವೇ ನಾನು ಅಟ್ಟೂರಿಗೆ ಹೋದೆ. ನಮ್ಮ ಮನೆಯಿದ್ದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ. ಹಿತ್ತಲಿದ್ದ ಕಡೆ ಕಾರು ನಿಲ್ಲಿಸುವ ಜಾಗ, ನೆಲಕ್ಕೆ ಸಿಮೆಂಟಿನ ಇಟ್ಟಿಗೆ. ಅಂದಾಜಿನ ಮೇಲೆ ಹೆಜ್ಜೆ ಹಾಕಿ, ಎರಡು ಕಾರುಗಳ ನಡುವೆ ಒಂದು ಕಡೆ ನಿಂತೆ. ಕಾವಲಿನವರು ಎದ್ದು ಬಂದರು.

"ಯಾರ್ ಬೇಕಿತ್ತು ಮೇಡಂ?"

ಅತ್ತೆಯ ಹೆಸರನ್ನು ಹೇಳಿದೆ.

"ಆ ಹೆಸ್ರಿನೋರು ಇಲ್ಯಾರೂ ಇಲ್ವಲ್ಲ. ಇಲ್ಲಿ ನಿಲ್ಲಂಗಿಲ್ಲ ಮೇಡಂ, ಗಾಡಿ ಬರ್ತವೆ."

"ಬಂದಾಗ ಸರೀತೀನಿ ಬಿಡಿ" ಎಂದೆ. ಅವರು ನನ್ನ ಮುಖ ನೋಡಿ, ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಮೇಲೆ ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಒಂದು ಗಾಡಿಯೂ ಬರಲಿಲ್ಲ. ನನಗೆ ಸಾಕೆನ್ನಿಸುವವರೆಗೂ ಅಲ್ಲೇ ನಿಂತಿದ್ದೆ.