ಕುಂಕುಮ ತುಂಬಿದ ಕಂಪ್ಯೂಟರು

ನಾನು ಬಾಡಿಗೆಗೆ ಹಿಡಿದ ಕೋಣೆಯ ಗೋಡೆ ನಡುಗುತ್ತದೆ. ಬೆಂಗಳೂರಿನ ಪೀಣ್ಯಕ್ಕೆ ಬಂದ ಮೊದಲ ಬೆಳಿಗ್ಗೆ ಕೊಡದೊಳಗಿನ ನೀರು ತಾನಾಗಿ ಅಲುಗುವುದನ್ನು ಕಂಡು, ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಓಡಿಬಂದೆ. ನಮ್ಮೂರಲ್ಲಿ ನೆಲ ಅಲುಗಿದರೆ ಹಾಸಿಗೆ ಹಿಡಿದವರನ್ನೂ ಹೊತ್ತುಕೊಂಡು ಬಯಲಿಗೆ ಬರುತ್ತೇವೆ. ಇಲ್ಲಿ ಯಾರೂ ಹೊರಗೆ ಬಂದಿರಲಿಲ್ಲ. ಮನೆಯ ಮಾಲೀಕರಾದ ಗೌರಮ್ಮ ಒಬ್ಬರೇ ಬಾಗಿಲಿಗೆ ನೀರು ಹಾಕುತ್ತಿದ್ದರು.

"ಪಕ್ಕದ ಶೆಡ್ಡಾಗೆ ಪ್ರೆಸ್ ಓಡ್ತೈತೆ ಕಣವ್ವ," ಎಂದರು. "ಅದು ಓಡಿದ್ರೆ ಎದ್ರುಕೋಬ್ಯಾಡ. ನಿಂತ್ರೆ ಎದ್ರುಕೋ."

ಪ್ರೆಸ್ ಎಂದರೆ ತಗಡನ್ನು ಅಚ್ಚಿನ ಮೇಲಿಟ್ಟು ಕುಟ್ಟುವ ಯಂತ್ರ. ಅದು ಕೂತ ಜಾಗದಲ್ಲಿ ಒಂದು ಕಾಲಕ್ಕೆ ಗೌರಮ್ಮನವರ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. ಈಗ ರಾಗಿಯನ್ನು ಅಂಗಡಿಯಿಂದ ತರುತ್ತಾರೆ. ಮುದ್ದೆ ಮಾಡಿದ ದಿನ ನನಗೂ ಒಂದು ಕೊಟ್ಟು, ಅಗಿಯಬೇಡ, ನುಂಗು ಎಂದು ಎದುರಿಗೇ ಕೂತು ಕಾಯುತ್ತಾರೆ. ಜೋಳದ ರೊಟ್ಟಿ ಕಟಕಟ ಕಡಿದು ಬೆಳೆದ ಹಲ್ಲು ನನ್ನದು, ಸುಮ್ಮನಿರಲು ಅದಕ್ಕೆ ಬರುವುದಿಲ್ಲ. ನಾನು ಅಗಿದೇ ತಿನ್ನುತ್ತೇನೆ. ಅವರು ತಲೆ ಚಚ್ಚಿಕೊಳ್ಳುತ್ತಾರೆ.

ನಾನು ಯಾದಗಿರಿ ಕಡೆಯ ಮಾವಿನಮಡ್ಡಿಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನೇ. ಬಿಎಸ್ಸಿ, ಭೌತಶಾಸ್ತ್ರ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಎಲ್ಲಿ ಹೋದರೂ ಮೊದಲು ಇದನ್ನೇ ಹೇಳುತ್ತೇನೆ. ಆದರೆ ಇಲ್ಲಿಯ ಸಣ್ಣ ಕಾರ್ಖಾನೆಗಳಲ್ಲಿ ನಮ್ಮ ಕಡೆಯ ಹೆಣ್ಣುಮಗಳು ಬಂದಳೆಂದರೆ ಕೈಗೆ ಅರ ಕೊಡುತ್ತಾರೆ. ಲೇತಿನಿಂದ ಬಂದ ಕಬ್ಬಿಣದ ಬಿಲ್ಲೆಗಳ ಅಂಚಿನಲ್ಲಿ ಉಳಿದ ಚೂಪು ಸಿವುರನ್ನು ಉಜ್ಜಿ ತೆಗೆಯುವುದು, ಅದೇ ಕೆಲಸ. ನನಗೂ ಅದನ್ನೇ ಕೊಟ್ಟರು. ಅಳತೆ ನೋಡುವ ಮೇಜಿಗೆ ಬರಲು ಒಂದು ವರ್ಷ ಜಗಳವಾಡಿದೆ. ನಮ್ಮ ಮಾತೇ ಇವರಿಗೆ ಜಗಳದ ಹಾಗೆ ಕೇಳುತ್ತದೆಯಾದ್ದರಿಂದ ನಿಜವಾಗಿ ಜಗಳವಾಡಿದ್ದು ತಿಳಿಯಲು ಅವರಿಗೆ ಸ್ವಲ್ಪ ತಡವಾಯಿತು.

ಮೇಜೇನೋ ಸಿಕ್ಕಿತು. ಅಷ್ಟರಲ್ಲಿ ಮಾಲು ಕೊಳ್ಳುವ ಕಂಪನಿಯವರು ಕೈಬರಹದ ಅಳತೆ ಪಟ್ಟಿ ಬೇಡ, ಕಂಪ್ಯೂಟರಿನಲ್ಲಿ ಮಾಡಿದ್ದೇ ಬೇಕು ಎಂದರು. ಆಫೀಸಿನ ಕಂಪ್ಯೂಟರು ಲೆಕ್ಕಪತ್ರಕ್ಕೆ ಮೀಸಲು. ನಮ್ಮ ಓನರ್ ನಂಜುಂಡಪ್ಪನವರು ಏಜೆನ್ಸಿಯಿಂದ ಲ್ಯಾಪ್‌ಟಾಪ್ ಸಮೇತ ಬರುವ ಒಬ್ಬನನ್ನು ಇಟ್ಟುಕೊಂಡರಾಯಿತು ಎಂದು ಯೋಚಿಸಿದರು. ನಾನು ಮತ್ತೆ ಅರ ಹಿಡಿಯಬೇಕು.

ಸ್ಟೋರ್ ರೂಮಿನಲ್ಲಿ ಬಿದ್ದ ಹಳೇ ಕಂಪ್ಯೂಟರ್ ಕೊಡಿ, ನಾನೇ ಮಾಡುತ್ತೇನೆ ಎಂದು ಅವರ ಬಾಗಿಲಲ್ಲಿ ನಿಂತೆ.

"ಅದು ಸತ್ತೋಗಿರೋ ಐಟಂ ಕಣಮ್ಮ ಶರಣಮ್ಮ," ಎಂದರು. "ಶನಿವಾರ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಓಡಿಸಿದ್ರೆ ಮೇಜು ನಿಂದು. ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರ್ದು."

ಅವರ ಅಕ್ಕನ ಮಗ ಹರ್ಷ ಮಾರತ್ತಹಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ರಜೆ ಸಿಕ್ಕಾಗ ಬಂದು ಮಾವನ ಕಂಪ್ಯೂಟರುಗಳನ್ನು ನೋಡಿ ಹೋಗುವುದು ವಾಡಿಕೆ. ಆ ವಾರ ಬಂದವರು ಹಳೆಯದನ್ನು ಚಾಲೂ ಮಾಡಿ, "ರ‍್ಯಾಮ್ ಒಂದೇ ಜಿಬಿ ತೋರಿಸ್ತಿದೆ ಮಾಮ, ವಿಂಡೋಸ್ ಹಾಕಿದ್ರೆ ಅಲ್ಲೇ ಮಲಗುತ್ತೆ" ಎಂದರು. ಹಾಗಾದರೆ ಏನು ಹಾಕಿದರೆ ಏಳುತ್ತದೆ ಎಂದು ಕೇಳಿದೆ. ಹಗುರವಾದ ಲಿನಕ್ಸ್ ಹಾಕಬಹುದು, ಆದರೆ ಯಾರು ಕೂರುತ್ತಾರೆ ಎಂದರು. ನಾನು ಕೂರುತ್ತೇನೆ ಎಂದೆ. ಅವರು ನಗಲಿಲ್ಲ, ಅದನ್ನು ನಾನು ಮರೆತಿಲ್ಲ. ಲಿನಕ್ಸ್ ಎನ್ನುವುದು ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ವ್ಯವಸ್ಥೆ, ಅದರಲ್ಲಿ ನೂರಾರು ಬಗೆ ಎಂದು ವಿವರಿಸಿ, ಎರಡು ಬಗೆಯನ್ನು ಎರಡು ಪೆನ್‌ಡ್ರೈವಿಗೆ ತುಂಬಿಕೊಟ್ಟರು. ಒಂದು ನೋಡಲು ಬಲು ಚೆಂದ, ಇನ್ನೊಂದು ಬೋಳು.

ಹೊಸದಾಗಿ ಊರಿಗೆ ಬಂದವಳ ಹಾಗೆ ಚೆಂದದ್ದನ್ನೇ ಮೊದಲು ಹಾಕಿದೆ. ಬಾಣದ ಗುರುತು ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹೋಗುವಷ್ಟರಲ್ಲಿ ಚಹಾ ಆರಿತು. ಅಳಿಸಿ ಬೋಳು ಲಿನಕ್ಸನ್ನು ಹಾಕಿದೆ. ಅದರಲ್ಲಿ ನೆರಳಿಲ್ಲ, ಕುಣಿತವಿಲ್ಲ. ಕಿಟಕಿ ತೆರೆ ಎಂದರೆ ತೆರೆಯುತ್ತದೆ, ಅಷ್ಟೆ. ಹಾಕುವಾಗ ಅದು ಡಿಸ್ಕಿನಲ್ಲಿ ಸ್ವಾಪ್‌ಗೆ ಜಾಗ ಬೇಕೇ ಎಂದು ಕೇಳಿತು. ಊರವರಿಗೆ ಇದನ್ನು ಹೀಗೆ ಹೇಳಬಹುದು: ರ‍್ಯಾಮ್ ಅಡುಗೆಮನೆಯ ಡಬ್ಬಿ, ಸ್ವಾಪ್ ಅಂಗಳದ ನೆಲದೊಳಗೆ ತೋಡಿದ ಹಗೇವು. ಡಬ್ಬಿ ತುಂಬಿದಾಗ ಉಳಿದ ಕಾಳನ್ನು ಹಗೇವಿಗೆ ಸುರಿಯುತ್ತೇವೆ. ತೆಗೆಯುವುದು ತಡ, ಆದರೆ ಕಾಳು ಬೀದಿಗೆ ಚೆಲ್ಲುವುದಿಲ್ಲ.

ಹಾಗಿದ್ದರೂ ಅಳತೆ ಪಟ್ಟಿ ತೆರೆದು ಪ್ರಿಂಟ್ ಕೊಟ್ಟರೆ ಎಲ್ಲ ನಿಂತುಬಿಡುತ್ತಿತ್ತು. ಎಲ್ಲಕ್ಕೂ ಹಗೇವಿಗೇ ಇಳಿಯಬೇಕಾದರೆ ಅಡುಗೆ ಯಾವಾಗ ಮುಗಿಯಬೇಕು? ಡಬ್ಬಿಯೇ ದೊಡ್ಡದಾಗಬೇಕಿತ್ತು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದೆ. ಒಳಗೆಲ್ಲ ಕೆಂಪು.

ಆಯುಧಪೂಜೆಯ ದಿನ ಪೀಣ್ಯವನ್ನು ನೀವು ನೋಡಬೇಕು. ಲೇತು, ಡ್ರಿಲ್ಲು, ತಕ್ಕಡಿ, ಕಸಬರಿಗೆ, ಯಾವುದನ್ನೂ ಕುಂಕುಮ ಹಚ್ಚದೆ ಬಿಡುವುದಿಲ್ಲ. ನಾವು ಕೂರಿಗೆ ಕುಡಗೋಲಿಗೆ ಮಾಡುವುದೂ ಅದನ್ನೇ. ಕಬ್ಬಿಣಕ್ಕೆ ಕುಂಕುಮದಿಂದ ಏನೂ ಆಗುವುದಿಲ್ಲ. ಈ ಕಂಪ್ಯೂಟರು ಆಫೀಸಿನಲ್ಲಿದ್ದ ಅಷ್ಟೂ ವರ್ಷ ಅದನ್ನು ಲೇತಿನ ಹಾಗೆಯೇ ಪೂಜಿಸಿದ್ದರು. ಗಾಳಿ ಆಡುವ ಕಿಂಡಿಗಳಿಂದ ಕುಂಕುಮ, ಅರಿಶಿನದ ನೀರು, ಚೆಂಡುಹೂವಿನ ಎಸಳು ಎಲ್ಲ ಒಳಗಿಳಿದಿದ್ದವು. ರ‍್ಯಾಮ್ ಕೂರಿಸಲು ಎರಡು ಸಂದು. ಎರಡರಲ್ಲೂ ರ‍್ಯಾಮ್ ಪಟ್ಟಿಗಳಿದ್ದವು. ಎರಡನೆಯ ಸಂದಿನಲ್ಲಿ ಕುಂಕುಮ ಗಟ್ಟಿಯಾಗಿ ಕೂತು, ಅಲ್ಲೊಂದು ಪಟ್ಟಿ ಇದೆಯೆಂಬುದೇ ಯಂತ್ರಕ್ಕೆ ಗೊತ್ತಿರಲಿಲ್ಲ.

ವಿದ್ಯುತ್ ತಂತಿ ಕಿತ್ತಿಟ್ಟು, ಒಣ ಬ್ರಷ್ಷಿನಿಂದ ಸಂದನ್ನು ಕೆರೆಯತೊಡಗಿದೆ. ನಂಜುಂಡಪ್ಪನವರು ಬಂದು ನಿಂತರು. ಹಿಂದೆಯೇ ಗುಜರಿಯವನೂ ಚೀಲ ಹಿಡಿದು ಬಂದ.

"ಪೂಜೆ ಕುಂಕುಮ ಕಣಮ್ಮ ಅದು. ಕೆರೀತಿದ್ದೀಯಲ್ಲ," ಎಂದರು ಓನರ್. ಅವರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು.

"ಕುಂಕುಮ ಹಣಿಗೆ ಇಡೂದ್ರಿ ಸರ," ಎಂದೆ. "ಬಾಯಾಗ ತುಂಬೂದಲ್ಲ."

ಗುಜರಿಯವನು ನಕ್ಕುಬಿಟ್ಟ. ಓನರ್ ನಗಲಿಲ್ಲ. ಗುಜರಿಯವನು ಎತ್ತಿಕೊಳ್ಳಲು ಪರದೆಗೆ ಕೈ ಹಾಕಿದ. ನಾನು ಎದ್ದು ಅಡ್ಡ ನಿಂತೆ. "ಶನಿವಾರ ಅಂದೀರಿ ಸರ. ಶನಿವಾರ ಇನ್ನಾ ಮುಗಿದಿಲ್ಲ."

ಓನರ್ ನನ್ನನ್ನೂ ಕಾಗದದ ಮೇಲೆ ಗುಡ್ಡೆಯಾಗಿದ್ದ ಕುಂಕುಮವನ್ನೂ ನೋಡಿದರು. ಅದನ್ನು ನಾನು ನೆಲಕ್ಕೆ ಉದುರಿಸಿರಲಿಲ್ಲ. "ಬೇರೆ ಶೆಡ್ ಮುಗಿಸ್ಕೊಂಡು ಬಾರಪ್ಪ," ಎಂದು ಅವನನ್ನು ಕಳಿಸಿದರು. ತಾವು ಹೋಗಲಿಲ್ಲ, ಸ್ಟೂಲು ಎಳೆದುಕೊಂಡು ಕೂತರು.

ರ‍್ಯಾಮ್ ಪಟ್ಟಿಯ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸಂದಿನಲ್ಲಿ ಟಕ್ ಎನ್ನುವವರೆಗೆ ಒತ್ತಿದೆ. ಚಾಲೂ ಮಾಡಿದರೆ ಎರಡು ಜಿಬಿ ತೋರಿಸಿತು. ಲಿನಕ್ಸನ್ನು ಮತ್ತೊಮ್ಮೆ ಶುಭ್ರವಾಗಿ ಹಾಕಿದೆ. ಭಾಷೆ ಕೇಳಿದ ಕಡೆ ಕನ್ನಡ ಒತ್ತಿದೆ. ಈ ಕಂಪ್ಯೂಟರಿಗೆ ಒಂದು ಹೆಸರು ಕೊಡಿ ಎಂದು ಕೇಳಿತು. ಕಾರ್ಖಾನೆಯ ಹೆಸರು ಕೊಡಬೇಕಿತ್ತೋ ಏನೋ. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಮಾವಿನಮಡ್ಡಿ ಎಂದು ಹೊಡೆದೆ.

ಗುಜರಿಯವನು ತಿರುಗಿ ಬರುವಷ್ಟರಲ್ಲಿ ಅಂದಿನ ಮಾಲಿನ ಅಳತೆ ಪಟ್ಟಿ ಪ್ರಿಂಟರಿನಿಂದ ಹೊರಬರುತ್ತಿತ್ತು. ಓನರ್ ಅದನ್ನು ಬಿಸಿಯಾಗಿರುವಾಗಲೇ ಕೈಗೆ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. ಪರದೆಯ ಮೂಲೆಯಲ್ಲಿ ಮೂಡಿದ್ದ ಹೆಸರನ್ನು ತೋರಿಸಿ, "ಇದ್ಯಾವ ಊರಮ್ಮ?" ಎಂದು ಕೇಳಿದರು.

"ನಮ್ಮೂರ್ರಿ."

"ಇರ್ಲಿ ಬಿಡು," ಎಂದರು. ಗುಜರಿಯವನಿಗೆ ತುಕ್ಕು ಹಿಡಿದ ಒಂದು ಫ್ಯಾನ್ ಕೊಟ್ಟು ಕಳಿಸಿದರು. ಕುಂಕುಮದ ಪೊಟ್ಟಣವನ್ನು ನಾನು ಗೌರಮ್ಮನವರ ತುಳಸಿಯ ಬುಡಕ್ಕೆ ಹಾಕಿದೆ.

ಮುಂದಿನ ಆಯುಧಪೂಜೆಗೆ ಕುಂಕುಮದ ತಟ್ಟೆ ನನ್ನ ಮೇಜಿನ ಬಳಿ ಬಂದಾಗ ಕಿಂಡಿಗೆ ಕೈ ಅಡ್ಡ ಹಿಡಿದೆ. ಪರದೆಯ ಮೇಲಂಚಿಗೆ ಒಂದೇ ಬೊಟ್ಟು, ಅದನ್ನೂ ನಾನೇ ಇಟ್ಟೆ. ಅವ್ವ ಊರಿಂದ ಕಳಿಸಿದ್ದ ಮನೆದೇವರ ಭಂಡಾರವನ್ನು, ನಮ್ಮಲ್ಲಿ ಅರಿಶಿನಪುಡಿಗೆ ಹಾಗೆನ್ನುತ್ತೇವೆಂದು ಇಲ್ಲಿಯವರಿಗೆ ಬಿಡಿಸಿ ಹೇಳಿ, ಪಕ್ಕದಲ್ಲಿ ಹಚ್ಚಿದೆ. ಎರಡೂ ಊರಿನ ಬಣ್ಣ ಅದರ ಹಣೆಯ ಮೇಲಿದೆ, ಹೊಟ್ಟೆಯೊಳಗೆ ಒಂದೂ ಇಲ್ಲ.

ರಜೆಗೆ ಊರಿಗೆ ಹೋದರೆ ಓಣಿಯವರು ಬೆಂಗಳೂರಾಕಿ ಬಂದಳು ಎನ್ನುತ್ತಾರೆ. ಇಲ್ಲಿ ನಾನು ಇಂದಿಗೂ ಆ ಕಡೆಯ ಹುಡುಗಿ. ಊರ ಗೋಡೆ ಅಲುಗುವುದಿಲ್ಲವಾದ್ದರಿಂದ ಅಲ್ಲಿ ನನಗೆ ನಿದ್ದೆ ಬರುವುದಿಲ್ಲ. "ಏನಾತ ಶರಣಿ, ಮಗ್ಗಲಾ ಹೊಳ್ಳಾಕತ್ತಿ?" ಎಂದು ಅವ್ವ ಕತ್ತಲಲ್ಲಿ ಕೇಳುತ್ತಾಳೆ. ಪ್ರೆಸ್ ನಿಂತಿದೆ ಎಂದು ಅವಳಿಗೆ ಹೇಗೆ ಹೇಳುವುದು?

ತಿರುಗಿ ಬಂದ ಬೆಳಿಗ್ಗೆ ಗುಂಡಿ ಒತ್ತುತ್ತೇನೆ. ಹಳೇ ಯಂತ್ರ ಗೊರಗುಟ್ಟಿ ಎದ್ದು ತನ್ನ ಹೆಸರು ತೋರಿಸುತ್ತದೆ. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಬೀಳುತ್ತದೆ, ನೆಲ ಅದುರುತ್ತದೆ, ಪರದೆಯ ಮೂಲೆಯಲ್ಲಿ ಮಾವಿನಮಡ್ಡಿ ನಡುಗುತ್ತದೆ. ಈವರೆಗೆ ಬಿದ್ದಿಲ್ಲ.