ಎಡೆಗಿಟ್ಟ ಅಂಗಿ

ನಾನು ಸತ್ತು ಐವತ್ತು ವರ್ಷದ ಮೇಲಾಯಿತು. ನನಗೆ ಗೊತ್ತಾಗಿದ್ದು ಹೋದ ವರ್ಷ.

ಹೊಸಪೇಟೆ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಮಾರುತ್ತೇನೆ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಎಮ್ಮಿಗನೂರಿನ ಹೆಂಗಸೊಬ್ಬಳು ಎಡೆಗೆಂದು ಹಣ್ಣು ಕೊಳ್ಳಲು ಬಂದಳು. ನಮ್ಮ ಕಡೆ ಆ ದಿನ ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಬಡಿಸುತ್ತಾರೆ. ಅದು ನನ್ನ ಊರು ಎಂದು ಹೇಳದೆ ಮಾತಿಗೆಳೆದೆ. ಅವಳ ಪಕ್ಕದ ಮನೆ ನಮ್ಮ ಮನೆಯೇ.

"ಪಾಪ, ಅವರ ಮನ್ಯಾಗ ಒಂದು ಹುಡುಗ ಕಾಲುವಿಗೆ ಬಿದ್ದು ಹೋಗಿತ್ತಂತ, ಹೆಣಾನೂ ಸಿಗಲಿಲ್ಲಂತ" ಎಂದಳು. "ಈಗೂ ವರ್ಷಾ ವರ್ಷಾ ಅವಗ ಹೊಸ ಅಂಗಿ ಇಡ್ತಾರ. ಆ ಮುದುಕಿ ಇರೋತನಕ ಕಾಲುವಿ ದಂಡಿಗೆ ಹೋಗಿ ಕುಂದ್ರತಿದ್ಲಂತ."

ಮುದುಕಿ ಎಂದರೆ ನಮ್ಮವ್ವ. ಹಣ್ಣು ಕಟ್ಟಿ ಕೊಟ್ಟೆ. ಅವಳು ಹೋದ ಮೇಲೆ ಬುಟ್ಟಿಯನ್ನು ಕಾಲಿನಿಂದ ಒದ್ದೆ.

ನನ್ನನ್ನು ಗಂಡು ಎಂದು ಹೆತ್ತರು, ಗಂಡು ಎಂದು ಕರೆದರು. ನನಗೆ ಯಾವತ್ತೂ ಹಾಗನ್ನಿಸಲಿಲ್ಲ. ಹದಿನಾರನೇ ವಯಸ್ಸಿಗೆ ಅವ್ವನ ಸೀರೆ ಉಟ್ಟು ಹಿತ್ತಲಲ್ಲಿ ನಿಂತಿದ್ದೆ. ಅಣ್ಣ ಕಂಡ. ಬಂಡಿ ಗಾಲಿಗೆ ಕಟ್ಟಿ ತಲೆ ಬೋಳಿಸಿದ. ಸೀರೆಯನ್ನು ನನ್ನ ಮುಂದೆಯೇ ಸುಟ್ಟ. ಮತ್ತೆ ಊರಲ್ಲಿ ಕಂಡರೆ ಕೊಚ್ಚಿ ಹಾಕುತ್ತೇನೆ ಎಂದ. ಅವ್ವ ಭತ್ತದ ನಾಟಿಗೆ ಹೋಗಿದ್ದಳು. ಅವಳು ಬರುವುದರೊಳಗೆ ನಾನು ಕಾಲುವೆ ದಂಡೆ ಹಿಡಿದು ಕಂಪ್ಲಿ ದಾಟಿದ್ದೆ. ಅವ್ವನೂ ನನ್ನನ್ನು ಒಲ್ಲೆ ಅಂದಳು, ಅದಕ್ಕೇ ಹುಡುಕಿಕೊಂಡು ಬರಲಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದೆ. ಬೈದಿದ್ದೂ ಉಂಟು ಅವಳನ್ನು.

ಅಣ್ಣನಿಗೆ ನಾನು ಬದುಕಿರುವುದು ಗೊತ್ತಿತ್ತು. ಮೂರು ವರ್ಷದ ಮೇಲೆ ಕಂಪ್ಲಿ ಸಂತೆಯಲ್ಲಿ ಎದುರಾಗಿದ್ದ. ನನ್ನ ಸೀರೆ ನೋಡಿ ಉಗಿದು, ಬೆಲ್ಲ ಕೊಳ್ಳಲು ಹೋದ. ಆ ಬೆಲ್ಲ ಮನೆಗೆ ಒಯ್ದ, ಸುದ್ದಿ ಒಯ್ಯಲಿಲ್ಲ. ತಲೆ ಬೋಳಿಸಿದ್ದನ್ನು ಬಿಟ್ಟೇನು, ಕೂದಲು ಮತ್ತೆ ಬಂತು. ಅವ್ವನನ್ನು ಕಾಲುವೆ ದಂಡೆಯಲ್ಲಿ ಕೂಡಿಸಿದ್ದನ್ನು ಬಿಡುವುದಿಲ್ಲ.

ಈ ವರ್ಷ ಝೀನ್ ಬಂತು. ಸಂಡೂರಿನ ಗಣಿಯಲ್ಲಿ ಲಾರಿ ತೂಕ ಬರೆಯುವವನೊಬ್ಬ ನನ್ನ ಗಿರಾಕಿ. ನಲವತ್ತರ ಗಂಡಸು, ಹುಟ್ಟಿದಾಗ ಹೆಣ್ಣು ಎಂದು ಬರೆಸಿದ್ದರಂತೆ. ಝೀನ್ ಎಂದರೆ ನಾವೇ ಬರೆದು, ಝೆರಾಕ್ಸ್ ಮಾಡಿ, ನಡುವೆ ಪಿನ್ ಹೊಡೆದ ಪುಸ್ತಕ. ನಮ್ಮಂಥವರು ಎಲ್ಲರೂ ಒಂದೊಂದು ಪುಟ ಬರೆಯಬೇಕಂತೆ. ಮೇಲರ್ಧ ಡಿಸ್ಫೋರಿಯಾ, ಕೆಳಗರ್ಧ ಯುಫೋರಿಯಾ ಎಂದ.

"ಕನ್ನಡದಾಗ ಹೇಳಪಾ."

"ನಿಮ್ಮ ಮೈ ನಿಮ್ಮದಲ್ಲ ಅನ್ನಿಸಿದ ದಿನ ಮ್ಯಾಲೆ ಬರೀರಿ. ನನ್ನದ ಅನ್ನಿಸಿದ ದಿನ ಕೆಳಗ ಬರೀರಿ."

"ನೀ ಏನು ಬರದಿ?"

"ಒಬ್ಬ ಲಾರಿ ಡ್ರೈವರ್ ಮೊದಲನೇ ಸಲ 'ಅಣ್ಣಾ, ಚೀಟಿ ಕೊಡು' ಅಂದ. ಅದು ಕೆಳಗ."

"ಇಷ್ಟಕ್ಕ?"

"ಇಷ್ಟಕ್ಕ, ಅವ್ವಾ. ಅವತ್ತು ಎರಡು ಲಾರಿ ತೂಕಾ ತಪ್ಪು ಬರದೀನಿ."

ಹಂಪಿಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವವಳು ತನ್ನ ಮೊದಲ ಬಳೆಯ ಬಗ್ಗೆ ಬರೆದಿದ್ದಳು. ಅದನ್ನು ನನಗೆ ಓದಿಸಿದ. ಅಳಬೇಕೇನೋ, ನನಗೆ ಬರಲಿಲ್ಲ. ನಾನು ಮೂರನೇ ಕ್ಲಾಸಿನವರೆಗೆ ಕಲಿತವಳು. ಅವನು ಬರೆದುಕೊಳ್ಳುತ್ತೇನೆ ಎಂದರೂ ಪೆನ್ನು ಕಸಿದುಕೊಂಡೆ. ಮೊದಲ ಸಾಲಿಗೇ ಅಣ್ಣನ ಹೆಸರು, ಅವನಪ್ಪನ ಹೆಸರು, ಓಣಿ ಬರೆದೆ.

ಅವನು ಅಷ್ಟನ್ನೂ ಹೊಡೆದು ಹಾಕಿದ. "ಯಾರ ಹೆಸರೂ ಹಾಕಂಗಿಲ್ಲ, ಅವ್ವಾ. ನಮ್ಮದೂ ಇಲ್ಲ, ಅವರದೂ ಇಲ್ಲ. ಒಬ್ಬರದು ಹಾಕಿದ್ರ ಎಲ್ಲಾರ ಮನಿಗೂ ಬರ್ತಾರ ಹೊಡ್ಯಾಕ."

"ಹೆಸರಿಲ್ಲದ ಬೈದ್ರ ಬೈದಂಗ ಹೆಂಗಾತದೋ?"

"ಬೈಯಾಕಲ್ಲ ಇದು."

"ನನ್ನದು ಬೈಯಾಕ."

ನಾಲ್ಕು ದಿನ ಅವನಿಗೆ ಹಣ್ಣು ಕೊಡಲಿಲ್ಲ. ಐದನೇ ದಿನ ನನಗೇ ಹೊಳೆಯಿತು. "ಅಂಗಿ ಅಂತ ಬರೀಬೋದೇನು?" ಎಂದೆ. ಅಂಗಿಗೆ ಅಡ್ಡಿಯಿಲ್ಲ ಎಂದ. ಎಮ್ಮಿಗನೂರಿನಲ್ಲಿ ಹೆಣ ಸಿಗದ ಹುಡುಗನಿಗೆ ಅಂಗಿ ಇಡುವ ಮನೆ ಇನ್ನೊಂದಿಲ್ಲ. ಮೇಲರ್ಧಕ್ಕೆ ಹೀಗೆ ಬರೆದೆ: 'ಎಮ್ಮಿಗನೂರಲ್ಲಿ ಒಂದು ಮನೆಯವರು ಸತ್ತ ಹುಡುಗನಿಗೆ ವರ್ಷಾ ವರ್ಷಾ ಅಂಗಿ ಇಡುತ್ತಾರೆ. ಹುಡುಗ ಸತ್ತಿಲ್ಲ. ಹುಡುಗನೂ ಅಲ್ಲ. ಇಡುವವನಿಗೆ ಗೊತ್ತು. ಹೆತ್ತವಳಿಗೆ ಹೇಳಲಿಲ್ಲ.'

"ಕೆಳಗ?" ಎಂದ.

"ತಡಿ. ಅಮಾಸಿ ಮುಗೀಲಿ."

ಎಡೆ ಬಡಿಸಿದ ಮೇಲೆ ನಮ್ಮಲ್ಲಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ, ಬದುಕಿದ್ದವರ ಕಣ್ಣು ಬೀಳಬಾರದು ಎಂದು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುತ್ತಾರೆ. ಅಮಾವಾಸ್ಯೆಯ ದಿನ ಕಂಪ್ಲಿಗೆ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಎಮ್ಮಿಗನೂರಿಗೆ ಹೋದೆ. ಕೊಚ್ಚುತ್ತೇನೆ ಎಂದವನಿಗೆ ಈಗ ಎಂಬತ್ತರ ಹತ್ತಿರ. ಕೊಚ್ಚಿದರೆ ಕೊಚ್ಚಲಿ. ಮಧ್ಯಾಹ್ನ ಮನೆಯವರೆಲ್ಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಹಿತ್ತಲಿಗೆ ಸುತ್ತಿ ಬಂದೆ. ಹಿತ್ತಲ ಬಾಗಿಲಿಗೆ ಈಗಲೂ ಅದೇ ಕಟ್ಟಿಗೆಯ ಚಿಲಕ. ಹೊರಗಿನಿಂದ ಕಡ್ಡಿ ತೂರಿಸಿ ಎತ್ತಿದರೆ ತೆಗೆಯುತ್ತದೆ.

ಮೂರು ಎಲೆ ಇದ್ದವು. ಅಪ್ಪನದರ ಮುಂದೆ ಧೋತರ, ಅವ್ವನದರ ಮುಂದೆ ಹಸಿರು ಸೀರೆ, ನನ್ನದರ ಮುಂದೆ ಗೆರೆಗೆರೆ ಅಂಗಿ, ಪಿನ್ನು ಕೂಡ ಬಿಚ್ಚಿಲ್ಲ. ಕುಳಿತೆ. ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಸಾರು. ಹಸಿವಾಗಿತ್ತು, ಉಂಡೆ.

ಕೆಮ್ಮು ಕೇಳಿಸಿತು. ಬಾಗಿಲು ತೆರೆಯಿತು. ಮುಂದೆ ಅಣ್ಣ, ಹಿಂದೆ ಅತ್ತಿಗೆ, ಅವರ ಹಿಂದೆ ಗಂಡುಮಕ್ಕಳು, ಸೊಸೆಯರು. ಅಣ್ಣ ಹೊಸ್ತಿಲ ಮೇಲೇ ನಿಂತ. ನನ್ನ ಗುರುತು ಹಿಡಿದದ್ದು ಕಣ್ಣಲ್ಲೇ ಕಂಡಿತು.

"ಯಾರದು? ಎಡಿಗೆ ಕೈ ಹಾಕ್ಯಾಳ, ಹೊರಗ ಹಾಕ್ರಿ!" ಎಂದು ಹಿರಿ ಮಗ ಕೂಗಿದ.

"ನನ್ನ ಎಡಿ, ನಾ ಉಂಡೀನಿ" ಎಂದೆ. "ನಿಮ್ಮಪ್ಪನ್ನ ಕೇಳು. ಕಂಪ್ಲಿ ಸಂತ್ಯಾಗ ನನ್ನ ಕಂಡು ಮನಿಗೆ ಬಂದು ನಮ್ಮವ್ವಗ ಏನು ಹೇಳಿದ್ನೋ, ಕೇಳು."

ಅತ್ತಿಗೆ ಗಂಡನ ಮುಖ ನೋಡಿದಳು. "ಬದುಕಿತ್ತೇನು ಇದು? ನಿಮಗ ಗೊತ್ತಿತ್ತೇನು?"

ಅಣ್ಣ ನೆಲ ನೋಡುತ್ತ, "ಮನಿ ಮರ್ಯಾದಿ..." ಎಂದ.

"ಅತ್ತಿ ಸಾಯೋ ಹೊತ್ತಿನ್ಯಾಗೂ ಕಾಲುವಿ ಕಡೆ ಕೈ ಮಾಡಿದ್ಲು, ಆಗೂ ಬಾಯಿ ಬಿಡಲಿಲ್ಲಲ್ರಿ!" ಅತ್ತಿಗೆ ನನ್ನ ಎಲೆಯ ಮುಂದೆ ಬಂದು ನಿಂತಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. "ನಾ ಈ ಮನಿಗೆ ಬಂದಾಗಿಂದ ಸತ್ತವರಿಗೆ ಅಡಿಗಿ ಮಾಡಾಕತ್ತೀನಿ. ಒಬ್ಬರೂ ಉಪ್ಪು ಹೆಚ್ಚು ಕಡಿಮಿ ಅಂದಿಲ್ಲ. ನೀನರ ಹೇಳು."

"ಸಾರಿಗೆ ಉಪ್ಪು ಕಡಿಮಿ" ಎಂದೆ.

ಸೊಸೆಯೊಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. ಅಣ್ಣನಿಗೆ ನಗು ಬರಲಿಲ್ಲ. "ತಪ್ಪಾತು. ಈಗೇನು ಮಾಡು ಅಂತಿ?" ಎಂದ. ಏನೂ ಮಾಡುವಂತಿಲ್ಲ, ಅವ್ವ ಇಲ್ಲ. ಅದನ್ನೇ ಹೇಳಿದೆ. ಅವನ ತಪ್ಪಾತನ್ನು ನಾನು ತೆಗೆದುಕೊಳ್ಳಲಿಲ್ಲ.

ಕೈ ತೊಳೆದೆ. ಎಡೆಗಿಟ್ಟ ಸೀರೆ ಮನೆಯ ಹೆಣ್ಣುಮಗಳಿಗೆ ಸೇರಬೇಕು. ಆ ಮನೆಗೆ ಹೆಣ್ಣುಮಗಳು ನಾನೊಬ್ಬಳೇ. ಅವ್ವನ ಸೀರೆ ಎತ್ತಿಕೊಂಡು ಕಂಕುಳಲ್ಲಿಟ್ಟೆ. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಅಂಗಿಯನ್ನು ಅಣ್ಣನ ಹೆಗಲಿಗೆ ಹಾಕಿದೆ.

"ಇಟ್ಕೊ" ಎಂದೆ. "ಮುಂದಿನ ಅಮಾಸಿಗೆ ನಿನಗ ಬೇಕಾಗ್ತೈತಿ."

ಹೊಸಪೇಟೆಗೆ ಬಂದು ಕೆಳಗರ್ಧ ಬರೆದುಕೊಟ್ಟೆ: 'ನನ್ನ ಎಡೆ ನಾನೇ ಉಂಡೆ. ಹೆಣ್ಣುಮಗಳ ಸೀರೆ ತಂದೆ. ಉಟ್ಟೆ.'

ತೂಕದವನು ಎರಡು ಸಲ ಓದಿದ. "ಇದು ಖುಷಿ ಏನವ್ವಾ? ಸೇಡಲ್ಲೇನು?"

"ಸೇಡು ಅಂಗಿದು. ಖುಷಿ ಸೀರಿದು. ಎರಡೂ ಹಾಕು."

ಹಾಕಿದ. ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪುಟ ತೆಗೆಸಿ, ನಾನೇ ಕೂತು ಪಿನ್ ಹೊಡೆದೆ. ನನ್ನ ಪಾಲಿಗೆ ಬಂದ ಪುಸ್ತಕಗಳನ್ನು ಎಮ್ಮಿಗನೂರಿನ ಹಿಟ್ಟಿನ ಗಿರಣಿಯ ಬೆಂಚಿನ ಮೇಲೆ ಇಟ್ಟು ಬಂದೆ. ಹಿಟ್ಟಾಗುವವರೆಗೆ ಅಲ್ಲಿ ಜನಕ್ಕೆ ಬೇರೆ ಕೆಲಸವಿಲ್ಲ. ಅದರಲ್ಲಿ ಯಾರ ಹೆಸರೂ ಇಲ್ಲ. ಅಣ್ಣ ಈಗ ಜೋಳ ಬೀಸಿಸಲು ಕಂಪ್ಲಿಗೆ ಕಳಿಸುತ್ತಾನಂತೆ, ಎಡೆಯ ಹಣ್ಣು ಕೊಂಡಿದ್ದ ಹೆಂಗಸು ಬಂದು ಹೇಳಿದಳು.

ಕಂಪ್ಲಿಯಲ್ಲೂ ಗಿರಣಿ ಇದೆ. ಇನ್ನೂ ಆರು ಪುಸ್ತಕ ಉಳಿದಿವೆ ನನ್ನ ಹತ್ತಿರ.